ಕಡಲಲ್ಲಿ ನಿಂತ ಬೆಟ್ಟಕ್ಕೆ ನೀರು ಎಲ್ಲಿಂದ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಕಳೆದ ಸಂಚಿಕೆಯಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮೇ ತಿಂಗಳಲ್ಲಿ ಮಗಳು ಅಳಿಯನ ಜೊತೆ ಒಂಬತ್ತು ದಿನ ಅಲ್ಲಿದ್ದೆ. ಹಾನಿಯಾ ಊರಿನ ಕಡಲ ದಂಡೆಯಲ್ಲಿ ಬಿಸಿಲಿಗೆ ಕೊಡೆ ಹಿಡಿದು ಕೂತಿದ್ದಾಗ, ಬೆನ್ನ ಹಿಂದೆ ಹಿಮದ ಬೆಟ್ಟ ಕಾಣುತ್ತಿತ್ತು ಅಂತ. ಅಷ್ಟಕ್ಕೇ ಇಷ್ಟೊಂದು ಕಾಗದ ಬಂದಿವೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳಿಗೆ ಇದಕ್ಕಿಂತ ಖುಷಿ ಬೇರೆ ಏನಿದೆ? ಈ ಸಲದ ಅಂಕಣವನ್ನು ಪೂರ್ತಿ ಕ್ರೀಟಿಗೇ ಬಿಡುತ್ತೇನೆ.

ಪ್ರಶ್ನೆ (ಕುಮಟಾದಿಂದ): ಅಕ್ಕೋರೇ, ನಾವು ನೋಡಿದ ದ್ವೀಪ ಅಂದ್ರೆ ಕೂರ್ಮಗಡ, ನೇತ್ರಾಣಿ. ದೋಣಿಯಲ್ಲಿ ಒಂದು ಸುತ್ತು ಹಾಕಿ ಬರಬಹುದು. ದ್ವೀಪದಲ್ಲಿ ಹಿಮ ಬೀಳುವಷ್ಟು ಎತ್ತರದ ಬೆಟ್ಟ ಇರೋದು ಹೇಗೆ? ಅದು ಎಷ್ಟು ದೊಡ್ಡದು?

ನಮ್ಮ ಜಿಲ್ಲೆಯನ್ನೇ ಅಳತೆಗೆ ಇಟ್ಟುಕೊಳ್ಳಿ. ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕ್ರೀಟ್ ಸುಮಾರು 8,300. ಅಂದ್ರೆ ನಮ್ಮ ಜಿಲ್ಲೆಯಿಂದ ಒಂದೆರಡು ತಾಲೂಕು ಕಳೆದರೆ ಉಳಿಯುವಷ್ಟು. ಆಕಾರ ಮಾತ್ರ ಪಡವಲಕಾಯಿಯ ಹಾಗೆ. ಪೂರ್ವದಿಂದ ಪಶ್ಚಿಮಕ್ಕೆ 260 ಕಿ.ಮೀ., ಕಾರವಾರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದಷ್ಟು ದೂರ. ಅಗಲ ಎಲ್ಲಿ ಜಾಸ್ತಿಯೋ ಅಲ್ಲಿ 60 ಕಿ.ಮೀ. ಎಲ್ಲಿ ಕಡಿಮೆಯೋ ಅಲ್ಲಿ ಬರೀ 12. ಗ್ರೀಸಿನ ದ್ವೀಪಗಳಲ್ಲೆಲ್ಲ ಇದೇ ದೊಡ್ಡದು. ಮೆಡಿಟರೇನಿಯನ್ ಕಡಲಿನಲ್ಲಿ ಐದನೆಯದು.

ಈ ಪಡವಲಕಾಯಿಯ ಬೆನ್ನಿನ ಮೇಲೆ ಮೂರು ದೊಡ್ಡ ಬೆಟ್ಟದ ಸಾಲು ಕೂತಿವೆ. ಪಶ್ಚಿಮಕ್ಕೆ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳು. ಅದರ ತುದಿ ಪಾಖ್ನೆಸ್ 2,453 ಮೀಟರ್. ನಡುವೆ ಪ್ಸಿಲೊರಿತಿಸ್, 2,456 ಮೀಟರ್. ಪೂರ್ವಕ್ಕೆ ದಿಕ್ತಿ, 2,148. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮೂರೂ ಅದಕ್ಕಿಂತ ಎತ್ತರ. ಅದೂ ಕಡಲಿನ ಮಟ್ಟದಿಂದಲೇ ಏಳುವ ಎತ್ತರ, ನಡುವೆ ಬಯಲುಸೀಮೆ ಇಲ್ಲ.

ಬೆಟ್ಟ ಎದ್ದದ್ದು ಯಾಕೆ? ಆಫ್ರಿಕಾ ಖಂಡವನ್ನು ಹೊತ್ತ ನೆಲದ ಹಲಗೆ ಉತ್ತರಕ್ಕೆ ಜರುಗುತ್ತಿದೆ. ಜರುಗುತ್ತಾ ಕ್ರೀಟಿನ ಅಡಿಗೆ ನುಗ್ಗುತ್ತಿದೆ. ಹಾಸಿದ ಚಾಪೆಯ ಅಡಿಗೆ ಇನ್ನೊಂದು ಚಾಪೆಯನ್ನು ಒತ್ತಿ ತಳ್ಳಿ ನೋಡಿ. ಮೇಲಿನದು ಮಡಚಿಕೊಂಡು ಎದ್ದು ನಿಲ್ಲುತ್ತದಲ್ಲ, ಹಾಗೆ. ಇನ್ನು ಹಿಮದ ಮಾತು. ಕಾರವಾರ ಇರುವುದು ಸುಮಾರು 15 ಡಿಗ್ರಿ ಉತ್ತರದಲ್ಲಿ. ಕ್ರೀಟ್ 35 ಡಿಗ್ರಿಯಲ್ಲಿ. ಅಲ್ಲಿ ಮಳೆಗಾಲವೇ ಚಳಿಗಾಲ. ಅಕ್ಟೋಬರಿಗೆ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ. ಕೆಳಗೆ ಮಳೆಯಾಗಿ ಬಿದ್ದದ್ದು ಎರಡು ಸಾವಿರ ಮೀಟರ್ ಮೇಲೆ ಹಿಮವಾಗಿ ಬೀಳುತ್ತದೆ. ಮೇ ತಿಂಗಳಲ್ಲೂ ಕಣಿವೆಯ ಮಡಿಲಲ್ಲಿ ಬಿಳಿ ಪಟ್ಟಿ ಉಳಿದಿರುತ್ತದೆ. ನಾನು ನೋಡಿದ್ದು ಅದನ್ನೇ. ಜೂನ್, ಜುಲೈ, ಆಗಸ್ಟಿನಲ್ಲಿ ನಾವು ಕೊಡೆ ಬಿಚ್ಚಿಕೊಂಡು ಓಡಾಡುವಾಗ ಅವರಿಗೆ ಒಂದು ಹನಿಯೂ ಬೀಳುವುದು ಅಪರೂಪ.

ಪ್ರಶ್ನೆ (ಹೊನ್ನಾವರದಿಂದ ಎಂಟನೇ ತರಗತಿ ಹುಡುಗಿ): ಸುಣ್ಣದ ಕಲ್ಲು ಮಳೆ ನೀರಿನಲ್ಲಿ ಕರಗುತ್ತದೆ ಎಂದು ಪುಸ್ತಕದಲ್ಲಿದೆ. ಕಲ್ಲು ಹೇಗೆ ಕರಗುತ್ತದೆ ಅಕ್ಕೋರೇ? ನಮ್ಮ ಮನೆಯ ಮೆಟ್ಟಿಲು ಎಷ್ಟು ಮಳೆ ಬಂದರೂ ಕರಗಿಲ್ಲ.

ಒಳ್ಳೇ ಪ್ರಶ್ನೆ ಪುಟ್ಟಿ. ನೀನು ಕ್ರೀಟಿನ ಬಗ್ಗೆ ಕೇಳಿಲ್ಲ, ಆದರೆ ನಿನ್ನ ಪ್ರಶ್ನೆ ಬಿಟ್ಟು ಮುಂದಿನ ಕಾಗದಕ್ಕೆ ಉತ್ತರ ಬರೆಯಲು ಆಗುವುದಿಲ್ಲ.

ನಿಮ್ಮ ಮೆಟ್ಟಿಲು ಚಿರೆಕಲ್ಲಿನದು ಇರಬೇಕು. ಅದರಲ್ಲಿ ಇರುವುದು ಜಾಸ್ತಿ ಕಬ್ಬಿಣದ ತುಕ್ಕು. ಸುಣ್ಣದ ಕಲ್ಲು ಬೇರೆ. ಅದು ಬಹಳ ಹಿಂದೆ ಕಡಲಿನ ತಳದಲ್ಲಿ ಬಿದ್ದ ಚಿಪ್ಪು, ಸಣ್ಣ ಸಣ್ಣ ಜೀವಿಗಳ ಕವಚ ಎಲ್ಲ ಒತ್ತಿಕೊಂಡು ಗಟ್ಟಿಯಾದ ಕಲ್ಲು. ಒಂದು ಕೆಲಸ ಮಾಡು. ಅಮ್ಮ ಬಳಚಿನ ಸಾರು ಮಾಡಿದ ದಿನ ಎರಡು ಚಿಪ್ಪು ಎತ್ತಿಟ್ಟುಕೋ. ತೊಳೆದು, ಒಣಗಿಸಿ, ಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡು. ಅದರ ಮೇಲೆ ನಿಂಬೆಹಣ್ಣಿನ ರಸ ಹಿಂಡು. ಕಿವಿ ಹತ್ತಿರ ಇಟ್ಟರೆ ಸರ್ ಅಂತ ಸದ್ದು ಕೇಳುತ್ತದೆ, ಸಣ್ಣ ಗುಳ್ಳೆ ಏಳುತ್ತವೆ. ಹುಳಿ ಚಿಪ್ಪನ್ನು ತಿನ್ನುತ್ತಿದೆ. ಮಳೆ ನೀರೂ ಸ್ವಲ್ಪ ಹುಳಿಯೇ. ಗಾಳಿಯಿಂದ, ಬೇರಿನ ಸುತ್ತಲ ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಹುಳಿಯಾಗುತ್ತದೆ. ನಿಂಬೆರಸಕ್ಕೆ ಒಂದು ನಿಮಿಷ ಸಾಕು, ಮಳೆಗೆ ಲಕ್ಷ ಲಕ್ಷ ವರ್ಷ ಬೇಕು. ಮೊದಲು ಬಿರುಕು. ಆಮೇಲೆ ತೂತು. ಆಮೇಲೆ ಗುಹೆ.

ನಮ್ಮ ಜಿಲ್ಲೆಯಲ್ಲೇ ನೋಡಬೇಕಾದರೆ ಯಾಣಕ್ಕೆ ಹೋಗು. 120 ಮೀಟರಿನ ಭೈರವೇಶ್ವರ ಶಿಖರ ಸುಣ್ಣದ ಕಲ್ಲೇ. ಬಣ್ಣ ಕಪ್ಪು, ಅದಕ್ಕೆ ಯಾರಿಗೂ ಸುಣ್ಣ ನೆನಪಾಗುವುದಿಲ್ಲ. ಬಂಡೆಯ ಒಳಗೆ ಗುಹೆ, ಲಿಂಗದ ಮೇಲೆ ತೊಟ್ಟಿಕ್ಕುವ ನೀರು, ಚೂಪಾಗಿ ಎದ್ದ ತುದಿ: ಎಲ್ಲ ಮಳೆ ತಿಂದು ಉಳಿಸಿದ ಆಕಾರ. ನಿಂಬೆಹಣ್ಣು ಮಾತ್ರ ಅಲ್ಲಿಗೆ ತೆಗೆದುಕೊಂಡು ಹೋಗಬೇಡ.

ಪ್ರಶ್ನೆ (ಸಿರ್ಸಿ ಹತ್ತಿರದ ಅಡಿಕೆ ಬೆಳೆಗಾರರು): ಅಷ್ಟು ಎತ್ತರದ ಬೆಟ್ಟ, ಹಿಮ ಬೇರೆ. ಹಾಗಾದರೆ ಕಾಳಿ, ಶರಾವತಿಯಂಥ ಹೊಳೆಗಳೂ ಇರಬೇಕಲ್ವಾ? ತೋಟಕ್ಕೆ ನೀರು ಎಲ್ಲಿಂದ ತರುತ್ತಾರೆ? ನಮ್ಮಲ್ಲಿ ಬೆಟ್ಟದಿಂದ ಅಬ್ಬಿ ನೀರು ಬರುತ್ತದೆ. ಈಗೀಗ ಏಪ್ರಿಲ್‌ಗೇ ನಿಲ್ಲುತ್ತಿದೆ, ಅದಕ್ಕೆ ಕೇಳಿದೆ.

ನಾನು ಸಿರ್ಸಿ ಕಡೆಯ ತೋಟದ ಮನೆಯಲ್ಲೇ ಹುಟ್ಟಿದವಳು. ಹಾಗಾಗಿ ಕ್ರೀಟಿನಲ್ಲಿ ಮೊದಲ ದಿನದಿಂದ ನಾನು ಹುಡುಕಿದ್ದು ಇದನ್ನೇ. ಕಾರಿನಲ್ಲಿ ಹೋಗುತ್ತಾ ಸೇತುವೆ ಮೇಲೆ ಸೇತುವೆ ಬರುತ್ತದೆ. ಕೆಳಗೆ ನೋಡಿದರೆ ಬರೀ ಉರುಟು ಕಲ್ಲು. ಮಳೆ ಬಂದಾಗ ಹುಚ್ಚು ಹೊಳೆ, ಉಳಿದ ದಿನ ಒಣ ಹಾದಿ. ವರ್ಷವಿಡೀ ಹರಿಯುವ ದೊಡ್ಡ ನದಿ ಒಂದೂ ಇಲ್ಲ. ಕೂರ್ನಾಸ್ ಅಂತ ಒಂದು ಕೆರೆ ಇದೆ. ಇಡೀ ದ್ವೀಪಕ್ಕೆ ತಾನಾಗಿ ಹುಟ್ಟಿದ ಸಿಹಿನೀರಿನ ಕೆರೆ ಅದೊಂದೇ.

ನೀರು ಎಲ್ಲಿ ಹೋಯಿತು ಅಂದರೆ, ಆ ಹುಡುಗಿಯ ಪ್ರಶ್ನೆಯಲ್ಲಿ ಹೋಯಿತು. ಕ್ರೀಟಿನ ಬೆಟ್ಟಗಳಲ್ಲಿ ಜಾಸ್ತಿ ಇರುವುದು ಸುಣ್ಣದ ಕಲ್ಲು. ಹಿಮ ಕರಗಿದ ನೀರು ಇಳಿಜಾರಿನಲ್ಲಿ ಹರಿಯುವ ಮೊದಲೇ ಬಿರುಕಿನೊಳಗೆ ಇಳಿದುಹೋಗುತ್ತದೆ. ಬಿಳಿ ಬೆಟ್ಟಗಳಲ್ಲಿ ಗೂರ್ಗೂಥಾಕಸ್ ಅಂತ ಒಂದು ಗುಹೆ ಇದೆ. ನೆಟ್ಟಗೆ ಬಾವಿಯ ಹಾಗೆ ಇಳಿಯುವ ಅದರ ಆಳ 1,208 ಮೀಟರ್. ಗ್ರೀಸಿನಲ್ಲೇ ಆಳದ ಗುಹೆ. ಜೋಗ 253 ಮೀಟರ್ ಅಲ್ವಾ? ಹೆಚ್ಚು ಕಡಿಮೆ ಐದು ಜೋಗವನ್ನು ಒಂದರ ಕೆಳಗೆ ಒಂದು ಜೋಡಿಸಿ, ಬೆಟ್ಟದ ಹೊಟ್ಟೆಯೊಳಗೆ ಇಟ್ಟಂತೆ. ನೀರು ಬೀಳುವುದು ಅಲ್ಲಿ, ಯಾರ ಕಣ್ಣಿಗೂ ಕಾಣದ ಕಡೆ.

ಲಸಿಥಿ ಅಂತ ಒಂದು ಬಯಲು ಇದೆ. ಇದನ್ನು ನೀವು ನೋಡಬೇಕಿತ್ತು. ಸುತ್ತ ದಿಕ್ತಿ ಬೆಟ್ಟ, ನಡುವೆ ತಟ್ಟೆಯ ಹಾಗೆ ಸಪಾಟು ನೆಲ, ಅದೂ ಕಡಲಿನಿಂದ 840 ಮೀಟರ್ ಮೇಲೆ. ಆಲೂಗಡ್ಡೆ, ಸೇಬು, ತರಕಾರಿ ಬೆಳೆಯುತ್ತಾರೆ. ಚಳಿಗಾಲ ಮುಗಿದು ಹಿಮ ಕರಗಿದಾಗ ನೀರೆಲ್ಲ ಈ ತಟ್ಟೆಗೆ ಇಳಿಯುತ್ತದೆ. ಹೊರಗೆ ಹೋಗಲು ಹೊಳೆಯ ದಾರಿ ಇಲ್ಲ. ಪಶ್ಚಿಮದ ಮೂಲೆಯಲ್ಲಿ ಖೋನೊಸ್ ಎಂಬ ಒಂದು ಬಿಲ ಇದೆ, ನೆಲದ ಬಾಯಿ. ನೀರು ಅದರೊಳಗೆ ಇಳಿದು ಮಾಯವಾಗುತ್ತದೆ. ವೆನಿಸ್‌ನವರು ಆಳುತ್ತಿದ್ದ ಕಾಲದಲ್ಲಿ ಹೊಲದ ನಡುವೆ ನೇರವಾದ ಕಾಲುವೆ ತೋಡಿ ಈ ಬಾಯಿಯ ಕಡೆಗೆ ನೀರು ತಿರುಗಿಸಿದ್ದರು. ಕಾಲುವೆಗಳು ಇವತ್ತೂ ಇವೆ. ನಾವು ತೋಟದಲ್ಲಿ ಬಸಿಗಾಲುವೆ ತೋಡುತ್ತೇವಲ್ಲ, ಅದೇ ಲೆಕ್ಕ.

ಚಳಿಗಾಲದಲ್ಲಿ ನೀರು ಜಾಸ್ತಿ, ಬೇಸಿಗೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬೇಸಿಗೆಗೆ ಬಾವಿಯಿಂದ ಎತ್ತಲು ಗಾಳಿಯಂತ್ರ ಕಟ್ಟಿದರು. ಬಿಳಿ ಬಟ್ಟೆಯ ಹಾಯಿ ಕಟ್ಟಿದ ಸಾವಿರಾರು ಗಾಳಿಯಂತ್ರ ಒಂದು ಕಾಲದಲ್ಲಿ ಈ ಬಯಲಲ್ಲಿ ತಿರುಗುತ್ತಿದ್ದವು. ಈಗ ಪಂಪು ಬಂದಿದೆ. ಹೆಚ್ಚಿನವು ಬಟ್ಟೆ ಇಲ್ಲದೆ ಬರೀ ಕಬ್ಬಿಣದ ಕಾಲಾಗಿ ನಿಂತಿವೆ. ಒಂದರ ಹತ್ತಿರ ಹೋಗಿ ನಿಂತೆ. ತುಕ್ಕು ಹಿಡಿದ ಕಡ್ಡಿಗೆ ಹಾಯಿಯ ಒಂದು ತುಂಡು ಹಗ್ಗ ಇನ್ನೂ ಸುತ್ತಿಕೊಂಡಿತ್ತು. ಕೆಳಗೆ ಸಿಮೆಂಟಿನ ತೊಟ್ಟಿ, ತೊಟ್ಟಿಯ ತಳದಲ್ಲಿ ಒಣಗಿದ ಪಾಚಿ. ನನ್ನ ಅಪ್ಪ ಏತದ ಮರವನ್ನು ಮಾರದೆ ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ. ಅದು ನೆನಪಾಯಿತು.

ಒಳಗೆ ಇಳಿದ ನೀರು ಎಲ್ಲೋ ಹೊರಗೆ ಬರಲೇಬೇಕು. ಹೆರಾಕ್ಲಿಯೊನ್ ಊರಿನ ಹತ್ತಿರ ಅಲ್ಮಿರೊಸ್ ಅಂತ ದೊಡ್ಡ ಬುಗ್ಗೆ ಇದೆ. ಹೊಳೆಯಷ್ಟು ನೀರು ಉಕ್ಕುತ್ತದೆ. ಆದರೆ ವರ್ಷದ ಹೆಚ್ಚಿನ ದಿನ ಅದು ಅರೆ ಉಪ್ಪು. ಯಾಕಂದರೆ ಬೆಟ್ಟದೊಳಗಿನ ದಾರಿಗಳು ಕಡಲಿನ ಮಟ್ಟಕ್ಕಿಂತಲೂ ಕೆಳಗಿವೆ, ಅಲ್ಲಿ ಉಪ್ಪುನೀರು ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಮಳೆ ಜೋರಾಗಿ ಬುಗ್ಗೆ ತುಂಬಿ ಬಂದಾಗ ಮಾತ್ರ ಉಪ್ಪನ್ನು ಹೊರಗೆ ದಬ್ಬಿ ಸಿಹಿಯಾಗುತ್ತದೆ. ಅಘನಾಶಿನಿಯ ಗಜನಿ ಗದ್ದೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಅದರ ನಡುವೆ ಕಗ್ಗ ಭತ್ತ. ಅಲ್ಲಿ ಆ ಜಗಳ ನೆಲದ ಅಡಿಯಲ್ಲಿ ನಡೆಯುತ್ತದೆ, ನಮ್ಮಲ್ಲಿ ಕಣ್ಣೆದುರಿಗೆ.

ಹೆರಾಕ್ಲಿಯೊನ್‌ಗೆ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಒಳಗೆ. ಕಾರವಾರಕ್ಕೆ 3,000 ಆಸುಪಾಸು. ಅವರು ಆಲಿವ್ ಬೆಳೆಯುವುದು ಅದಕ್ಕೇ. ಬೇಸಿಗೆಯಿಡೀ ನೀರಿಲ್ಲದೆ ತಡೆಯುವ ಮರ ಅದು. ವೂವೆಸ್ ಊರಿನ ಒಂದು ಆಲಿವ್ ಮರಕ್ಕೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಎಂದು ಅಂದಾಜು. ಕಾಂಡ ಒಳಗೆ ಪೊಳ್ಳು, ತೊಗಟೆ ಹಗ್ಗ ಹೊಸೆದ ಹಾಗೆ. ಈಗಲೂ ಕಾಯಿ ಬಿಡುತ್ತದೆ. ನಮ್ಮ ಅಡಿಕೆಗೆ ಈ ತಾಳ್ಮೆ ಇಲ್ಲ. ನಿಮ್ಮ ಅಬ್ಬಿ ಏಪ್ರಿಲ್‌ಗೇ ನಿಲ್ಲುತ್ತಿದೆ ಅಂತ ಓದಿ ನನಗೆ ನಿಜಕ್ಕೂ ಬೇಸರವಾಯಿತು. ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಮರ ಎಷ್ಟು ಉಳಿದಿದೆ, ದರಗು ಗುಡಿಸುವುದು ಎಷ್ಟಾಗಿದೆ, ಒಮ್ಮೆ ಹತ್ತಿ ನೋಡಿ. ಕ್ರೀಟಿನ ಬೆಟ್ಟಗಳಲ್ಲಿ ಹಡಗಿಗೆ ಅಂತ ಮರ ಕಡಿದು, ಆಮೇಲೆ ಆಡು ಕುರಿ ಮೇಯಿಸಿ, ಎಷ್ಟೋ ಇಳಿಜಾರುಗಳಲ್ಲಿ ಮಣ್ಣು ತೊಳೆದುಹೋಗಿ ಬರೀ ಕಲ್ಲು ಉಳಿದಿದೆ.

ಪ್ರಶ್ನೆ (ಮಾಜಾಳಿಯಿಂದ ದೋಣಿ ಇರುವವರು): ಹಡಗಿನಲ್ಲಿ ಕೆಲಸ ಮಾಡುವ ನನ್ನ ಮಗ ಹೇಳ್ತಾನೆ, ಆ ಕಡಲಿಗೆ ಭರತ ಇಳಿತ ಇಲ್ಲ ಅಂತ. ನಿಜವಾ? ನೀರು ಅಷ್ಟು ನೀಲಿ ಇದ್ರೆ ಮೀನೂ ಜಾಸ್ತಿ ಇರಬೇಕಲ್ಲ?

ಮಗ ಹೇಳಿದ್ದು ಹೆಚ್ಚು ಕಡಿಮೆ ನಿಜ. ಇಲ್ಲವೇ ಇಲ್ಲ ಅಂತಲ್ಲ, ಒಂದು ಗೇಣಿನಷ್ಟು ಅಷ್ಟೇ. ನಮ್ಮಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನೀರು ಒಂದೂವರೆಯಿಂದ ಎರಡು ಮೀಟರ್ ಏರಿ ಇಳಿಯುತ್ತದೆ. ಮೆಡಿಟರೇನಿಯನ್ ಸುತ್ತ ನೆಲ ಇರುವ ಕಡಲು. ಮಹಾಸಾಗರಕ್ಕೆ ತೆರೆದಿರುವುದು ಜಿಬ್ರಾಲ್ಟರ್‌ನ ಬಾಗಿಲು, ಅದರ ಅಗಲ 14 ಕಿ.ಮೀ. ಮಾತ್ರ. ಅಷ್ಟು ಚಿಕ್ಕ ಬಾಗಿಲಿನಿಂದ ಅಟ್ಲಾಂಟಿಕ್‌ನ ಭರತ ಒಳಗೆ ಬರಲಾಗುವುದಿಲ್ಲ. ಹಾಗಾಗಿ ಅಲ್ಲಿ ಕಡಲಿಗೆ ಮೆಟ್ಟಿಲು ಹಾಕಿ ಮೂರಡಿ ಮೇಲೆ ಹೋಟೆಲಿನ ಮೇಜು ಇಡುತ್ತಾರೆ.

ಮೀನಿನ ವಿಷಯದಲ್ಲಿ ನಿಮ್ಮ ಲೆಕ್ಕ ತಿರುಗಾಮುರುಗ. ನೀರು ಅಷ್ಟು ತಿಳಿಯಾಗಿರುವುದು ಅದರಲ್ಲಿ ಏನೂ ಇಲ್ಲ ಎನ್ನುವುದಕ್ಕೆ. ಮೆಡಿಟರೇನಿಯನ್‌ನ ಪೂರ್ವ ಭಾಗ ಜಗತ್ತಿನ ಅತಿ ಬಡ ಕಡಲುಗಳಲ್ಲಿ ಒಂದು. ಅಟ್ಲಾಂಟಿಕ್‌ನಿಂದ ಮೇಲುಗಡೆ ಬರುವ ನೀರಿನ ಸಾರ ಅಲ್ಲಿಗೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಮಣ್ಣು ತರುವ ಹೊಳೆಗಳೂ ಕಡಿಮೆ. ಸಾರ ಇಲ್ಲದಿದ್ದರೆ ಪಾಚಿ ಇಲ್ಲ, ಪಾಚಿ ಇಲ್ಲದಿದ್ದರೆ ಸಣ್ಣ ಜೀವಿ ಇಲ್ಲ, ಅದಿಲ್ಲದೆ ಮೀನು ಎಲ್ಲಿಂದ? ಹಾನಿಯಾದ ಮೀನಂಗಡಿಯಲ್ಲಿ ಒಂದೊಂದು ಮೀನನ್ನೂ ಮಂಜುಗಡ್ಡೆಯ ಮೇಲೆ ದೇವರ ಹಾಗೆ ಕೂರಿಸಿದ್ದರು. ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿಗಟ್ಟಲೆ ತಾರ್ಲೆ ಮೀನು ಸುರಿಯುವುದನ್ನು ನೋಡಿದ ಕಣ್ಣಿಗೆ ಅದು ವಿಚಿತ್ರವಾಗಿ ಕಂಡಿತು.

ನಮ್ಮ ಕಡಲು ಹಸಿರು, ಮಳೆಗಾಲದಲ್ಲಿ ಕೆಂಪು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಾಡಿನ ಸಾರ ತಂದು ಸುರಿಯುತ್ತವೆ. ಮುಂಗಾರಿನ ಸಮಯದಲ್ಲಿ ತಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದೇ ತಾರ್ಲೆ ಬಂಗಡೆಯ ಊಟ. ಬಂದ ಪ್ರವಾಸಿಗಳು ಕಾರವಾರದ ನೀರು ರಾಡಿ ಅಂದಾಗ ನೀವು ಬೇಜಾರು ಮಾಡಿಕೊಳ್ಳಬೇಡಿ. ಅದು ಅನ್ನದ ಬಣ್ಣ.

ಪ್ರಶ್ನೆ (ಅಂಕೋಲಾದಿಂದ): ಭೂಕಂಪ ಆಗ್ತಾ ಇರ್ತದಂತೆ?

ಹೌದು. ಆ ಚಾಪೆಯ ಕತೆ ಇನ್ನೂ ಮುಗಿದಿಲ್ಲ. ಕ್ರಿ.ಶ. 365ರ ಜುಲೈ 21ರಂದು ಆದ ಭೂಕಂಪದಲ್ಲಿ ದ್ವೀಪದ ಪಶ್ಚಿಮ ತುದಿ ಕೆಲವೆಡೆ 9 ಮೀಟರಿನಷ್ಟು ಮೇಲೆದ್ದಿತು. ಎದ್ದ ಅಲೆ ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಬಡಿಯಿತು. ಫಲಸಾರ್ನಾ ಎಂಬಲ್ಲಿ ಹಳೆಯ ಬಂದರು ಇದೆ. ಗೋಡೆ ಇದೆ, ಹಡಗಿನ ಹಗ್ಗ ಕಟ್ಟುವ ತೂತಿನ ಕಲ್ಲಿದೆ, ನೀರಿಲ್ಲ. ಕಡಲು ಅಷ್ಟು ದೂರ ಹೋಗಿ ನಿಂತಿದೆ. ನಾನು ಆ ಬಂದರಿನ ತಳದಲ್ಲಿ ಒಣ ಹುಲ್ಲಿನ ಮೇಲೆ ನಿಂತಿದ್ದೆ. ಪಕ್ಕದ ಬಂಡೆಯ ಮೇಲೆ, ನನ್ನ ತಲೆಗಿಂತ ಬಹಳ ಮೇಲೆ, ಹಳೆಯ ಕಡಲಿನ ಗೆರೆ ಕಾಣುತ್ತಿತ್ತು. ನೀರು ತಿಂದು ಮಾಡಿದ ಗೆರೆ. ಪಾಠದಲ್ಲಿ ಎಷ್ಟು ಸಲ ಭೂಮಿ ಏಳುತ್ತದೆ ಅಂತ ಹೇಳಿದ್ದೆನೋ. ಅವತ್ತು ಕತ್ತೆತ್ತಿ ನೋಡಿದೆ.

ಸಣ್ಣ ಪ್ರಶ್ನೆಗಳು

*ತೆಂಗು ಇದೆಯಾ? (ಭಟ್ಕಳ)* ಇಲ್ಲ. ಚಳಿ ತಡೆಯುವುದಿಲ್ಲ. ಆದರೆ ಪೂರ್ವದ ತುದಿಯಲ್ಲಿ ವಾಯ್ ಎಂಬಲ್ಲಿ ತಾನಾಗಿ ಬೆಳೆದ ಖರ್ಜೂರದ ಜಾತಿಯ ಕಾಡು ಇದೆ, ಕಡಲಿಗೆ ಅಂಟಿಕೊಂಡೇ. ಹಣ್ಣು ನಾರು, ತಿನ್ನಲು ಬರುವುದಿಲ್ಲ.

*ಹಾವು? (ಸಿದ್ದಾಪುರ)* ನಾಲ್ಕು ಜಾತಿ. ಮನುಷ್ಯರಿಗೆ ಅಪಾಯ ಮಾಡುವಂಥದ್ದು ಒಂದೂ ಇಲ್ಲ.

*ಮರಳು ಗುಲಾಬಿ ಬಣ್ಣ ಅಂತಾರೆ, ಬಣ್ಣ ಹಾಕಿದ್ದಾ? (ಗೋಕರ್ಣ)* ಎಲಫೊನಿಸಿ ಎಂಬಲ್ಲಿ. ಬಣ್ಣ ಹಾಕಿದ್ದಲ್ಲ, ಸೂಕ್ಷ್ಮ ಜೀವಿಗಳ ಕೆಂಪು ಚಿಪ್ಪಿನ ಪುಡಿ. ದಯವಿಟ್ಟು ಯಾರೂ ಬಾಟಲಿಯಲ್ಲಿ ತುಂಬಿ ತರಬೇಡಿ.

ಪ್ರಶ್ನೆ (ಜೋಯಿಡಾದಿಂದ): ಮುಂದಿನ ವರ್ಷ ಮಗನ ಜೊತೆ ಹೋಗುವ ವಿಚಾರ ಇದೆ. ನಾವು ಕಾಡಿನವರು, ಬೀಚ್ ಬೇಡ. ಒಂದೇ ದಿನ ಸಿಕ್ಕರೆ ಎಲ್ಲಿಗೆ ಹೋಗಲಿ?

ಸಮರಿಯಾ ಕಣಿವೆಗೆ. ಬೇರೆ ಯೋಚನೆಯೇ ಬೇಡ.

ಒಮಾಲೊಸ್ ಬಯಲಿನ ಅಂಚಿನಲ್ಲಿ, ಸುಮಾರು 1,230 ಮೀಟರ್ ಎತ್ತರದಲ್ಲಿ ದಾರಿ ಶುರು. 16 ಕಿ.ಮೀ. ಇಳಿದರೆ ದ್ವೀಪದ ದಕ್ಷಿಣಕ್ಕಿರುವ ಲಿಬಿಯನ್ ಕಡಲು. 1962ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ನಡುವೆ ಇದ್ದ ಸಮರಿಯಾ ಊರಿನವರನ್ನು ಹೊರಗೆ ಕಳಿಸಿದರು. ಮನೆಗಳ ಕಲ್ಲಿನ ಗೋಡೆ ಈಗಲೂ ಇವೆ. ಕಾಡಿನ ಒಳಗೆ ಮನೆ ಮಾಡಿಕೊಂಡಿರುವ ನಿಮಗೆ ಅದನ್ನು ನೋಡಿದಾಗ ಏನನ್ನಿಸುತ್ತದೋ ನನಗೆ ಬರೆದು ತಿಳಿಸಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬಿಡುತ್ತಾರೆ. ಮಳೆ ಬರುವ ಲಕ್ಷಣ ಇದ್ದರೆ ಮುಚ್ಚುತ್ತಾರೆ, ಕಲ್ಲು ಉರುಳುತ್ತದೆ. ಕ್ರಿ-ಕ್ರಿ ಎಂಬ ಕಾಡು ಆಡು ಕಂಡರೂ ಕಾಣಬಹುದು. ಕೊಂಬು ಹಿಂದಕ್ಕೆ ಕತ್ತಿಯ ಹಾಗೆ ಬಾಗಿರುತ್ತದೆ.

ನನಗೆ ಮೊಣಕಾಲು ನೋವು. ನಾನು ಕೆಳಗಿನಿಂದ ಹೋದೆ. ಸ್ಫಾಕಿಯಾದಿಂದ ಬೆಳಗಿನ ದೋಣಿಯಲ್ಲಿ ಅಗಿಯಾ ರೂಮೆಲಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ನಡೆದು 'ಬಾಗಿಲು' ಎಂದು ಕರೆಯುವ ಜಾಗದವರೆಗೆ. ಅಲ್ಲಿ ಕಣಿವೆಯ ಅಗಲ ನಾಲ್ಕೇ ಮೀಟರ್. ಎರಡೂ ಕಡೆ 300 ಮೀಟರ್ ಗೋಡೆ. ನಡುವೆ ತೊರೆ, ಅದರ ಮೇಲೆ ಹಲಗೆ. ಗೋಡೆಯ ಕಲ್ಲು ಪದರ ಪದರ, ಕೆಲವು ಕಡೆ ಕಂಬಳಿ ಮಡಚಿ ಇಟ್ಟಂತೆ ಬಾಗಿದೆ. ಕೈ ಇಟ್ಟೆ. ಮಧ್ಯಾಹ್ನದ ಬಿಸಿಲಿದ್ದರೂ ಕಲ್ಲು ತಣ್ಣಗಿತ್ತು.

ಸಂಜೆ ಸ್ಫಾಕಿಯಾಗೆ ವಾಪಸ್ ಬಂದಮೇಲೆ ನಿಮಗೆ ಇನ್ನೂ ಎರಡು ತಾಸು ಬೆಳಕು ಉಳಿದಿದ್ದರೆ, ಸಣ್ಣ ದೋಣಿಯವರನ್ನು ಕೇಳಿ ಗ್ಲಿಕಾ ನೆರಾಕ್ಕೆ ಹೋಗಿ. ಹೆಸರಿನ ಅರ್ಥ ಸಿಹಿನೀರು. ಕಡಿದಾದ ಬಂಡೆಯ ಬುಡದಲ್ಲಿ ಉರುಟು ಕಲ್ಲಿನ ಸಣ್ಣ ದಂಡೆ, ಅಷ್ಟೇ. ಅಲೆ ಬಡಿಯುವ ಜಾಗದಿಂದ ನಾಲ್ಕು ಹೆಜ್ಜೆ ಈಚೆ ಕೂತು ಕೈಯಲ್ಲೇ ಕಲ್ಲು ತೋಡಿದೆ. ಒಂದು ಮೊಳ ಆಗಿರಲಿಲ್ಲ, ಗುಂಡಿಯಲ್ಲಿ ನೀರು ಒಸರಿತು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡೆ. ಹಲ್ಲು ಜುಂ ಅನ್ನುವಷ್ಟು ತಂಪು, ಉಪ್ಪಿನ ಸುಳಿವಿಲ್ಲ. ಮಗಳಿಗೂ ಒಂದು ಬೊಗಸೆ ಕೊಟ್ಟೆ. ಮೇಲೆ ನೋಡಿದರೆ ಬರೀ ಬೋಳು ಬಂಡೆ, ಹಿಮದ ಬೆಟ್ಟ ಅಲ್ಲಿಂದ ಕಾಣುವುದಿಲ್ಲ.